ಬೆರಳು ಒತ್ತುವ ಮುನ್ನವೇ ಹೊರಟ ಪುಟ

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ನಡುವಿನ ನೇರ ಆಕಾಶದೂರ 13,993 ಕಿಲೋಮೀಟರ್. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಎಲ್ಲೂ ಇಳಿಯದೆ ಈ ದೂರ ದಾಟಿ ಕೆಂಪೇಗೌಡ ನಿಲ್ದಾಣ ಮುಟ್ಟಿದಾಗ ಹಿಡಿದದ್ದು ಸುಮಾರು 17 ಗಂಟೆ. ಬೆಳಕಿಗೆ ಇದು ನಿರ್ವಾತದಲ್ಲಿ 47 ಮಿಲಿಸೆಕೆಂಡಿನ ಕೆಲಸ. ಮಿಲಿಸೆಕೆಂಡ್ ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲು. ಆದರೆ ಇಂಟರ್ನೆಟ್ಟಿನ ಬೆಳಕು ಓಡುವುದು ಕಡಲ ತಳದಲ್ಲಿ ಮಲಗಿರುವ ಗಾಜಿನ ಎಳೆಗಳೊಳಗೆ. ಗಾಜಿನಲ್ಲಿ ಅದರ ವೇಗ ಮೂರನೇ ಒಂದು ಪಾಲು ತಗ್ಗಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರಿಗೆ ಇಳಿಯುತ್ತದೆ. ಹೋಗಲು 70, ಬರಲು 70. ಒಂದು ಪ್ರಶ್ನೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಉತ್ತರ ಬೆಂಗಳೂರಿಗೆ ಮರಳಲು 140 ಮಿಲಿಸೆಕೆಂಡ್. ಎಷ್ಟು ಕೋಟಿ ಸುರಿದರೂ ಗಾಜಿನ ಎಳೆ ಇದಕ್ಕಿಂತ ಬೇಗ ತಂದುಕೊಡಲಾರದು.

ಅದೂ ಎಳೆ ನೇರವಾಗಿದ್ದರೆ. ನಮ್ಮ ಕೇಬಲ್‌ಗಳು ನೇರವಾಗಿಲ್ಲ. ಬೆಂಗಳೂರಿನ ಮಾಹಿತಿ ಮೊದಲು ನೆಲದ ಮೇಲೆ ಚೆನ್ನೈಗೋ ಮುಂಬೈಗೋ ಹೋಗಿ, ಅಲ್ಲಿ ಕಡಲಿಗಿಳಿದು, ಸಿಂಗಪುರದ ಕಡೆಯಿಂದ ಪೆಸಿಫಿಕ್ ಹಾಯಬೇಕು; ಇಲ್ಲವೇ ಯುರೋಪನ್ನು ಸುತ್ತಿ ಅಟ್ಲಾಂಟಿಕ್ ದಾಟಬೇಕು. ಹಾಗಾಗಿ ನಿಜದ ಲೆಕ್ಕ 200 ಮಿಲಿಸೆಕೆಂಡನ್ನು ಮೀರುತ್ತದೆ. ಎಣಿಕೆ ಸುಲಭವಾಗಲೆಂದು 200 ಅಂತಲೇ ಇಟ್ಟುಕೊಳ್ಳೋಣ. ಕಣ್ಣುರೆಪ್ಪೆ ಒಮ್ಮೆ ಮುಚ್ಚಿ ತೆರೆಯುವಷ್ಟು ಕಾಲ.

ಇಷ್ಟು ಚಿಕ್ಕದಕ್ಕೆ ತಲೆ ಕೆಡಿಸಿಕೊಳ್ಳಬೇಕೇ ಅನ್ನಿಸಿದರೆ, ಕಾಯುತ್ತಿರುವ ಯಂತ್ರದ ಕಡೆಯಿಂದ ನೋಡಿ. ನಿಮ್ಮ ಫೋನಿನ ಪ್ರೊಸೆಸರ್ ಸೆಕೆಂಡಿಗೆ 300 ಕೋಟಿ ಸಲ ಮಿಡಿಯುತ್ತದೆ ಅಂದುಕೊಂಡರೆ, 200 ಮಿಲಿಸೆಕೆಂಡಿನಲ್ಲಿ ಅದರ 60 ಕೋಟಿ ಮಿಡಿತಗಳು ಕಳೆದುಹೋಗುತ್ತವೆ. ಒಂದೊಂದು ಮಿಡಿತವನ್ನೂ ಒಂದು ಸೆಕೆಂಡಿಗೆ ಹಿಗ್ಗಿಸಿದರೆ 60 ಕೋಟಿ ಸೆಕೆಂಡ್, ಅಂದರೆ 19 ವರ್ಷ. ಲಿಂಕ್ ಒತ್ತಿದ ದಿನ ಹುಟ್ಟಿದ ಮಗು, ಉತ್ತರ ಬರುವ ಹೊತ್ತಿಗೆ ಕಾಲೇಜಿನಲ್ಲಿ ಓದುತ್ತಿರುತ್ತದೆ.

ಒಂದು ಪುಟಕ್ಕೆ ಒಂದೇ ಸುತ್ತು ಪಯಣ ಸಾಲುವುದಿಲ್ಲ ಎಂಬುದು ಮುಂದಿನ ಸಂಗತಿ. ಜಾಲತಾಣದ ವಿಳಾಸ ಹುಡುಕುವ ಕೆಲಸ ಹತ್ತಿರದ ಸರ್ವರ್‌ನಲ್ಲೇ ಮುಗಿಯಿತು ಅಂತ ಬಿಟ್ಟುಬಿಡಿ. ಆಮೇಲೆ ಎರಡು ಯಂತ್ರಗಳು ಸಂಪರ್ಕ ಕುದುರಿಸಲು ಒಂದು ಸುತ್ತು. ಗುಟ್ಟಿನ ಕೀಲಿ ವಿನಿಮಯಕ್ಕೆ ಇನ್ನೊಂದು. 2018ರಲ್ಲಿ ಟಿಎಲ್‌ಎಸ್ 1.3 ಎಂಬ ಭದ್ರತಾ ನಿಯಮಾವಳಿ ಬರುವ ಮುಂಚೆ ಇದಕ್ಕೇ ಎರಡು ಸುತ್ತು ಬೇಕಿತ್ತು. ಮೂರನೇ ಸುತ್ತಿನಲ್ಲಿ 'ಪುಟ ಕೊಡು' ಎಂಬ ಕೋರಿಕೆ ಹೋಗಿ, ಪುಟದ ಮೊದಲ ತುಣುಕು ಬರುತ್ತದೆ. ಆ ತುಣುಕು ಎಷ್ಟು ದೊಡ್ಡದು? ದಾರಿಯಲ್ಲಿ ದಟ್ಟಣೆ ಇದೆಯೋ ಇಲ್ಲವೋ ತಿಳಿಯದ ಸರ್ವರ್ ಹುಷಾರಾಗಿ ಮೊದಲು ಹತ್ತು ಪ್ಯಾಕೆಟ್ ಮಾತ್ರ ಕಳಿಸುತ್ತದೆ, ಹೆಚ್ಚುಕಡಿಮೆ 14 ಕೆಬಿ. ಅವು ಕ್ಷೇಮವಾಗಿ ತಲುಪಿದ ಸುದ್ದಿ ಬಂದ ಮೇಲೆ 28, ಆಮೇಲೆ 56, 112, ಹೀಗೆ ದುಪ್ಪಟ್ಟು ಮಾಡುತ್ತಾ ಹೋಗುತ್ತದೆ. ಇಂದಿನ ಸಾಧಾರಣ ವೆಬ್ ಪುಟವೊಂದರ ತೂಕ, ಚಿತ್ರ, ಸ್ಕ್ರಿಪ್ಟ್, ಅಕ್ಷರಶೈಲಿ ಎಲ್ಲ ಸೇರಿ, ಸುಮಾರು 2.6 ಎಂಬಿ. ಅಷ್ಟನ್ನೂ ಒಂದೇ ಸಂಪರ್ಕದಲ್ಲಿ ತರಬೇಕಾದರೆ ಮೊದಲ ತುಣುಕಿನ ಆಚೆಗೆ ಇನ್ನೂ ಏಳು ಸುತ್ತು ಬೇಕು. ಒಟ್ಟು ಹತ್ತು ಸುತ್ತು, ಎರಡು ಸೆಕೆಂಡ್. ಪ್ರೊಸೆಸರ್‌ನ ಹಿಗ್ಗಿಸಿದ ಕಾಲದಲ್ಲಿ 190 ವರ್ಷ.

ನನ್ನನ್ನು ನಿಜಕ್ಕೂ ಬೆರಗಾಗಿಸುವುದು ಇದರ ಮುಂದಿನ ಲೆಕ್ಕ. 100 ಎಂಬಿಪಿಎಸ್ ಸಂಪರ್ಕ ಹಾಕಿಸಿಕೊಂಡವರ ಮನೆಯಲ್ಲಿ 2.6 ಎಂಬಿ ಇಳಿಯಲು ಬೇಕಾದದ್ದು ಸೆಕೆಂಡಿನ ಐದನೇ ಒಂದು ಪಾಲು. ಉಳಿದ ಹೊತ್ತೆಲ್ಲ ಪೈಪು ಖಾಲಿ ಬಿದ್ದು, ಆಚೆ ದಡದ ಮಾತಿಗೆ ಕಾಯುತ್ತಿರುತ್ತದೆ. ತಿಂಗಳ ಬಾಡಿಗೆ ಹೆಚ್ಚಿಸಿ 1000 ಎಂಬಿಪಿಎಸ್‌ಗೆ ಏರಿದರೂ ಕಾಯುವ ಕಾಲ ಹಾಗೇ ಉಳಿಯುತ್ತದೆ. ಜಾಹೀರಾತುಗಳು ಮಾರುವುದು ಪೈಪಿನ ಅಗಲವನ್ನು. ನಮ್ಮನ್ನು ಕಾಯಿಸುತ್ತಿರುವುದು ಪೈಪಿನ ಉದ್ದ.

ಉದ್ದವನ್ನು ಕಡಿಮೆ ಮಾಡುವ ಉಪಾಯ ಒಂದಿದೆ. ಪುಟದ ಪ್ರತಿಯನ್ನು ಓದುಗನ ಹತ್ತಿರಕ್ಕೆ ತಂದಿಡುವುದು. ವಿಕಿಪೀಡಿಯದ ಮುಖ್ಯ ಕೇಂದ್ರಗಳು ಅಮೆರಿಕದಲ್ಲಿವೆ. ಏಷ್ಯಾದ ಓದುಗರಿಗಾಗಿ 2018ರಲ್ಲಿ ಸಿಂಗಪುರದಲ್ಲಿ ಪ್ರತಿಗಳನ್ನಿಡುವ ಕೇಂದ್ರ ತೆರೆದರು. ಬೆಂಗಳೂರಿನಿಂದ ಸಿಂಗಪುರ ಸುಮಾರು 3,200 ಕಿಲೋಮೀಟರ್. ಬೆಳಕಿನ ಸುತ್ತು ಪಯಣ 32 ಮಿಲಿಸೆಕೆಂಡ್. ಕನ್ನಡ ವಿಕಿಪೀಡಿಯದ ಲೇಖನವೊಂದು ಇಲ್ಲಿ ತೆರೆದುಕೊಳ್ಳುವ ಚುರುಕಿಗೆ ಇಂಥ ಏರ್ಪಾಡೇ ಕಾರಣ. ಆದರೆ ಜಗತ್ತಿನ ಎಲ್ಲ ಜಾಲತಾಣಗಳಿಗೂ ಊರೂರಲ್ಲಿ ಪ್ರತಿ ಇಡುವ ಶಕ್ತಿಯಿಲ್ಲ. ನಿಮಗೊಬ್ಬರಿಗೇ ಆ ಕ್ಷಣಕ್ಕೆ ಸಿದ್ಧವಾಗಬೇಕಾದ ಪುಟಕ್ಕೆ ಪ್ರತಿಯೇ ಇರುವುದಿಲ್ಲ.

ಅಂಥ ಪುಟಗಳಿಗೆ ದೂರ ಕುಗ್ಗದು, ಬೆಳಕು ಇನ್ನಷ್ಟು ವೇಗವಾಗಿ ಓಡದು. ಉಳಿಯುವುದು ಒಂದೇ ದಾರಿ, ಬೇಗ ಹೊರಡುವುದು. ಓದುಗ ಲಿಂಕ್ ಒತ್ತುವ ಮುಂಚೆಯೇ ಅವನು ಯಾವುದನ್ನು ಒತ್ತಬಹುದೆಂದು ಊಹಿಸಿ, ಆ ಪುಟವನ್ನು ತರಿಸಿಟ್ಟುಕೊಳ್ಳುವುದು. ಇದಕ್ಕೇ ಪ್ರಿಫೆಚ್ ಅನ್ನುತ್ತಾರೆ. ತರಿಸಿದ್ದಷ್ಟೇ ಅಲ್ಲದೆ ತೆರೆಮರೆಯಲ್ಲಿ ಪುಟವನ್ನು ಪೂರ್ತಿ ಕಟ್ಟಿ ನಿಲ್ಲಿಸಿದರೆ ಅದು ಪ್ರಿರೆಂಡರ್.

ಒತ್ತುವ ಮುನ್ನ ಸಿಗುವ ಸಮಯವೆಷ್ಟು? ಈ ಪ್ರಶ್ನೆಯಲ್ಲಿ ಮನುಷ್ಯನ ಮೈಯ ನಿಧಾನ ನಮಗೆ ವರವಾಗಿ ಬರುತ್ತದೆ. ಮೌಸಿನ ಬಾಣ ಲಿಂಕಿನ ಮೇಲೆ ಬರುವುದಕ್ಕೂ ಬೆರಳು ಅದನ್ನು ಒತ್ತುವುದಕ್ಕೂ ನಡುವೆ ಒಂದು ತೆರಪಿದೆ. ಇನ್‌ಸ್ಟಂಟ್ ಡಾಟ್ ಪೇಜ್ ಎಂಬ ಪುಟ್ಟ ಸಾಧನವನ್ನು ಬರೆದವರು ಈ ತೆರಪನ್ನೇ ದುಡಿಸಿಕೊಂಡಿದ್ದಾರೆ. ಅವರ ಲೆಕ್ಕದಂತೆ ಬಾಣ ಒಂದು ಲಿಂಕಿನ ಮೇಲೆ 65 ಮಿಲಿಸೆಕೆಂಡ್ ನಿಂತಿತೆಂದರೆ ಅದನ್ನು ಒತ್ತುವ ಸಂಭವ ಎರಡರಲ್ಲಿ ಒಂದು. ಆಗಲೇ ಕೋರಿಕೆ ಕಳಿಸಿದರೆ ಒತ್ತುವಷ್ಟರಲ್ಲಿ ಸರಾಸರಿ 300 ಮಿಲಿಸೆಕೆಂಡಿಗೂ ಹೆಚ್ಚು ಕಾಲ ಕೈಗೆ ಸಿಗುತ್ತದೆ. 300 ಮಿಲಿಸೆಕೆಂಡಿನಲ್ಲಿ ಗಾಜಿನೆಳೆಯ ಬೆಳಕು 60,000 ಕಿಲೋಮೀಟರ್ ಓಡುತ್ತದೆ, ಭೂಮಿಯ ಸುತ್ತಳತೆಯ ಒಂದೂವರೆ ಪಟ್ಟು. ಮೊಬೈಲಿನಲ್ಲಿ ಬಾಣವಿಲ್ಲ, ಬೆರಳು ತೆರೆಗೆ ತಾಕಿ ಮೇಲೇಳುವ ನಡುವಿನ ಸುಮಾರು 80 ಮಿಲಿಸೆಕೆಂಡ್ ಇದೆ. ಅಷ್ಟರಲ್ಲೂ ಬೆಳಕು 16,000 ಕಿಲೋಮೀಟರ್ ಸಾಗಿರುತ್ತದೆ. ಬೆಂಗಳೂರಿನಿಂದ ನೇರ ಎಳೆ ಇದ್ದಿದ್ದರೆ, ನೀವು ಬೆರಳೆತ್ತುವ ಮುನ್ನವೇ ನಿಮ್ಮ ಕೋರಿಕೆ ಕ್ಯಾಲಿಫೋರ್ನಿಯಾದ ಬಾಗಿಲು ತಟ್ಟಿರುತ್ತಿತ್ತು.

ವಿಕಿಪೀಡಿಯದಲ್ಲಿ ಲಿಂಕಿನ ಮೇಲೆ ಬಾಣ ಇಟ್ಟಾಗ ಪುಟ್ಟ ಚೌಕದಲ್ಲಿ ಲೇಖನದ ಮೊದಲ ಸಾಲುಗಳು ಕಾಣುತ್ತವಲ್ಲ, ಅದೂ ಇದೇ ತೆರಪಿನ ಮೇಲೆ ನಿಂತ ವ್ಯವಸ್ಥೆ. ಅದನ್ನು ಕಟ್ಟಿದವರು 2018ರಲ್ಲಿ ಹೇಳಿದಂತೆ ಆಗ ನಿಮಿಷಕ್ಕೆ 5 ಲಕ್ಷದವರೆಗೆ ಇಂಥ ಕೋರಿಕೆಗಳು ಬರುತ್ತಿದ್ದವು.

ಊಹಿಸಿ ತರಿಸುವ ಈ ಯೋಚನೆಗೆ ವೆಬ್ಬಿನಷ್ಟೇ ವಯಸ್ಸು. 1996ರಲ್ಲಿ ಬರ್ಕ್ಲಿಯ ಸಂಶೋಧನಾ ವಿದ್ಯಾರ್ಥಿ ವೆಂಕಟ ಪದ್ಮನಾಭನ್ ಮತ್ತು ಡಿಇಸಿ ಎಂಬ ಕಂಪ್ಯೂಟರ್ ಸಂಸ್ಥೆಯ ಜೆಫ್ರಿ ಮೊಗುಲ್ ಸೇರಿ ಒಂದು ಪ್ರಬಂಧ ಬರೆದರು. ಪದ್ಮನಾಭನ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾಕ್ಕೆ ಬಂದರು. 2016ರ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ಪಡೆದರು. ಪ್ರಬಂಧದಲ್ಲಿ ಅವರಿಬ್ಬರ ಸೂತ್ರ ಚೆಂದದ್ದು. ಸರ್ವರ್ ಸಾವಿರಾರು ಜನರ ನಡೆಯನ್ನು ನೋಡುತ್ತಿರುತ್ತದೆ, ಆದ್ದರಿಂದ ಈ ಪುಟದ ನಂತರ ಯಾವ ಪುಟ ಎಂಬ ಊಹೆ ಅದರ ಪಾಲಿಗಿರಲಿ. ತರಿಸಬೇಕೋ ಬೇಡವೋ ಎಂಬ ತೀರ್ಮಾನ ಓದುಗನ ಯಂತ್ರದ್ದಾಗಿರಲಿ, ಏಕೆಂದರೆ ಅದರ ಸಂಪರ್ಕದ ಕಷ್ಟಸುಖ ಗೊತ್ತಿರುವುದು ಅದಕ್ಕೇ. ಅವರು ಕಂಡುಕೊಂಡ ಫಲವನ್ನು ಇಂದಿಗೂ ಗೋಡೆಗೆ ಬರೆದಿಡಬಹುದು. ಕಾಯುವ ಕಾಲ ಗಣನೀಯವಾಗಿ ತಗ್ಗುತ್ತದೆ, ಆದರೆ ಅದು ಎಷ್ಟು ಪಾಲು ತಗ್ಗುತ್ತದೋ ಜಾಲದ ಮೇಲಿನ ಹೊರೆ ಹೆಚ್ಚುಕಡಿಮೆ ಅಷ್ಟೇ ಪಾಲು ಏರುತ್ತದೆ. ಹಂಚಿಕೊಳ್ಳದ ಡಯಲಪ್ ತಂತಿಗೆ, ಉಪಗ್ರಹ ಸಂಪರ್ಕಕ್ಕೆ ಇದು ಹೆಚ್ಚು ಲಾಭ ಎಂದೂ ಅವರು ಆಗಲೇ ಹೇಳಿದ್ದರು.

ಪ್ರೊಸೆಸರ್‌ಗಳು ಇದೇ ಆಟವನ್ನು ಇನ್ನೂ ಮೊದಲಿನಿಂದ ಆಡುತ್ತಿವೆ. ಪ್ರೋಗ್ರಾಮಿನಲ್ಲಿ ದಾರಿ ಕವಲೊಡೆಯುವ ಕಡೆ ಯಾವ ಕವಲು ಎಂದು ಮೊದಲೇ ಊಹಿಸಿ ಮುನ್ನುಗ್ಗುವುದನ್ನು 1961ರ ಐಬಿಎಂ ಸ್ಟ್ರೆಚ್ ಕಂಪ್ಯೂಟರ್ ಮಾಡುತ್ತಿತ್ತು. ಇಂದಿನ ಚಿಪ್ಪುಗಳ ಊಹೆ ನೂರರಲ್ಲಿ 95ಕ್ಕೂ ಹೆಚ್ಚು ಸಲ ಸರಿಯಾಗುತ್ತದೆ. ತಪ್ಪಿದರೆ ಹೋಗುವುದು ಹದಿನೈದಿಪ್ಪತ್ತು ಮಿಡಿತ, ಸೆಕೆಂಡಿನ ಕೋಟಿಯಲ್ಲೊಂದು ಪಾಲಿಗೂ ಕಡಿಮೆ. ವೆಬ್ಬಿನಲ್ಲಿ ಊಹೆ ತಪ್ಪಿದರೆ ಬೆಲೆ ಬೇರೆಯೇ ಇರುತ್ತದೆಂಬುದು 2005ರಲ್ಲಿ ಎಲ್ಲರಿಗೂ ಗೊತ್ತಾಯಿತು.

ಆ ವರ್ಷದ ಮೇ ತಿಂಗಳಲ್ಲಿ ಗೂಗಲ್ 'ವೆಬ್ ಆಕ್ಸಿಲರೇಟರ್' ಎಂಬ ತಂತ್ರಾಂಶ ಬಿಡುಗಡೆ ಮಾಡಿತು. ನೀವು ಒಂದು ಪುಟ ಓದುತ್ತಿದ್ದರೆ ಅದು ಅಲ್ಲಿನ ಲಿಂಕುಗಳನ್ನು ಹಿಂದಿನಿಂದ ತರಿಸಿಡುತ್ತಿತ್ತು. ಉದ್ದೇಶ ಒಳ್ಳೆಯದೇ. ಆದರೆ ಆಗಿನ ಹಲವು ವೆಬ್ ಅಪ್ಲಿಕೇಶನ್‌ಗಳಲ್ಲಿ 'ಅಳಿಸು' ಎಂಬುದು ಕೂಡ ಒಂದು ಮಾಮೂಲಿ ಲಿಂಕಾಗಿತ್ತು. ಓದುವ ಲಿಂಕಿಗೂ ಅಳಿಸುವ ಲಿಂಕಿಗೂ ವ್ಯತ್ಯಾಸ ತಿಳಿಯದ ತಂತ್ರಾಂಶ ಎಲ್ಲವನ್ನೂ ಮುಟ್ಟುತ್ತಾ ಹೋಯಿತು. ಜನ ಬರೆದಿಟ್ಟ ಟಿಪ್ಪಣಿಗಳು, ಪಟ್ಟಿಗಳು ಅವರು ಒತ್ತದೆಯೇ ಮಾಯವಾದವು. ಬ್ಯಾಕ್‌ಪ್ಯಾಕ್ ಎಂಬ ಹೊಸ ಸೇವೆಯ ಬಳಕೆದಾರರು ಇದಕ್ಕೆ ಮೊದಲು ಸಿಕ್ಕಿಬಿದ್ದವರು. ಕೆಲವೇ ದಿನಗಳಲ್ಲಿ ಗೂಗಲ್ ಹೊಸ ಡೌನ್‌ಲೋಡ್ ನಿಲ್ಲಿಸಿತು. 2008ರಲ್ಲಿ ಯೋಜನೆಯೇ ಮುಚ್ಚಿತು.

ತಪ್ಪು ಯಾರದು ಎಂಬ ಜಗಳ ಆಗ ಜೋರಾಗಿ ನಡೆಯಿತು. ವೆಬ್ಬಿನ ಮಾತುಕತೆಗಿರುವ 1999ರ ಎಚ್‌ಟಿಟಿಪಿ ನಿಯಮಾವಳಿ ಸ್ಪಷ್ಟವಾಗಿಯೇ ಹೇಳಿತ್ತು: 'ಗೆಟ್' ಎಂಬ ಕೋರಿಕೆ ಮಾಹಿತಿ ತರುವುದಕ್ಕೆ ಮಾತ್ರ, ಅದರಿಂದ ಏನನ್ನೂ ಬದಲಿಸಬಾರದು. ಅಳಿಸುವ ಕೆಲಸವನ್ನು ಲಿಂಕಿಗೆ ಕಟ್ಟಿದವರು ಆ ನಿಯಮ ಮುರಿದಿದ್ದರು. ನಿಯಮ ಗೂಗಲ್ ಪರವಾಗಿತ್ತು ಎಂಬುದು ನಿಜ. ಆದರೂ ನನ್ನ ತೀರ್ಪು ಬೇರೆ. ಲಕ್ಷಾಂತರ ಜನರ ಹೆಸರಿನಲ್ಲಿ, ಅವರಿಗೆ ಕಾಣದಂತೆ ಲಿಂಕ್ ಮುಟ್ಟಲು ಹೊರಟವರು ಲೋಕ ಹೇಗಿರಬೇಕು ಎಂಬುದಕ್ಕಿಂತ ಲೋಕ ಹೇಗಿದೆ ಎಂಬುದನ್ನು ನೋಡಿ ಹೊರಡಬೇಕಿತ್ತು.

ಆ ತಂತ್ರಾಂಶ ಮುಚ್ಚಿದರೂ ಬೇಗ ಹೊರಡುವ ಯೋಚನೆಯನ್ನು ಗೂಗಲ್ ಕೈಬಿಡಲಿಲ್ಲ. ಅದಕ್ಕೆ ಕಾರಣ ಅದರ ಕೈಯಲ್ಲಿದ್ದ ಅಂಕಿಗಳು. 2009ರಲ್ಲಿ ಅದು ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ ಹುಡುಕಾಟದ ಫಲಿತಾಂಶವನ್ನು ಬೇಕೆಂದೇ 100ರಿಂದ 400 ಮಿಲಿಸೆಕೆಂಡ್ ತಡವಾಗಿ ಕೊಟ್ಟರು. ಅವರ ಹುಡುಕಾಟ ಶೇ 0.2ರಿಂದ 0.6ರಷ್ಟು ಇಳಿಯಿತು. ಹೆಚ್ಚು ತಡ ಅನುಭವಿಸಿದವರು, ತಡವನ್ನು ತೆಗೆದ ಮೇಲೂ ಕೆಲವು ವಾರ ಹಿಂದಿನ ಮಟ್ಟಕ್ಕೆ ಮರಳಲಿಲ್ಲ. ಇಷ್ಟು ಚಿಕ್ಕ ತಡ ತಮಗಾಗಿದೆಯೆಂದು ಅವರಲ್ಲಿ ಎಷ್ಟು ಜನ ಹೇಳಬಲ್ಲವರಾಗಿದ್ದರು? ಸೆಕೆಂಡಿನ ಹತ್ತನೇ ಒಂದು ಪಾಲಿನೊಳಗೆ ಉತ್ತರ ಬಂದರೆ ಅದು ತಕ್ಷಣ ಬಂದಂತೆ ಮನಸ್ಸಿಗೆ ತೋರುತ್ತದೆ, ಒಂದು ಸೆಕೆಂಡ್ ದಾಟಿದರೆ ಯೋಚನೆಯ ಎಳೆ ಕಡಿಯುತ್ತದೆ ಎಂದು ಬಳಕೆಯ ಸರಾಗತೆಯ ತಜ್ಞ ಯಾಕೋಬ್ ನೀಲ್ಸನ್ 1993ರಲ್ಲೇ ಬರೆದಿದ್ದರು. ಬೆಂಗಳೂರು-ಕ್ಯಾಲಿಫೋರ್ನಿಯಾ ಸುತ್ತಿನ 140 ಮಿಲಿಸೆಕೆಂಡ್ ಆ ಮೊದಲ ಗೆರೆಯನ್ನು ಗಾಜಿನೆಳೆಯ ಬೆಳಕಿನ ವೇಗದಲ್ಲೇ ದಾಟಿಬಿಡುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು.

2010ರ ಸೆಪ್ಟೆಂಬರಿನಲ್ಲಿ 'ಗೂಗಲ್ ಇನ್‌ಸ್ಟಂಟ್' ಬಂತು. ಹುಡುಕುವ ಪದವನ್ನು ಟೈಪ್ ಮಾಡುತ್ತಿರುವಾಗಲೇ, ಎಂಟರ್ ಒತ್ತುವ ಮುನ್ನವೇ ಫಲಿತಾಂಶ ಮೂಡುತ್ತಿತ್ತು. ಅದರ ಹಿಂದಿನ ತರ್ಕವೂ ಮೈಯ ನಿಧಾನದ್ದೇ. ಒಂದು ಕೀಲಿಯಿಂದ ಇನ್ನೊಂದಕ್ಕೆ ಬೆರಳು ಹೋಗಲು 300 ಮಿಲಿಸೆಕೆಂಡ್, ಕಣ್ಣು ಪುಟದ ಇನ್ನೊಂದು ಮೂಲೆಗೆ ಹೊರಳಲು ಬರೀ 30. ಬೆರಳಿಗಿಂತ ಕಣ್ಣು ಹತ್ತು ಪಟ್ಟು ಚುರುಕು. ಒಂದು ಹುಡುಕಾಟಕ್ಕೆ 2ರಿಂದ 5 ಸೆಕೆಂಡ್ ಉಳಿಯುತ್ತದೆ, ಜಗತ್ತಿನಲ್ಲಿ ಎಲ್ಲರೂ ಇದನ್ನು ಬಳಸಿದರೆ ದಿನಕ್ಕೆ 350 ಕೋಟಿ ಸೆಕೆಂಡ್ ಉಳಿಯುತ್ತದೆ ಎಂದು ಗೂಗಲ್ ಅಂದಾಜಿಸಿತು. ಭಾಗಿಸಿ ನೋಡಿದೆ. 350 ಕೋಟಿ ಸೆಕೆಂಡ್ ಅಂದರೆ 111 ವರ್ಷ. ದಿನ ಬೆಳಗಾದರೆ ನೂರು ವರ್ಷಕ್ಕೂ ಮಿಕ್ಕಿದ ಮನುಷ್ಯಕಾಲ, ಬರೀ ಎಂಟರ್ ಕೀಲಿಗೆ ಕಾಯದಿದ್ದುದರಿಂದ! ಹುಡುಕಾಟ ಫೋನಿಗೆ ವಲಸೆ ಹೋದ ಮೇಲೆ, 2017ರಲ್ಲಿ, ಆ ಸೌಲಭ್ಯ ನಿಂತಿತು.

ಪುಟವನ್ನೇ ಮುಂಚಿತವಾಗಿ ಕಟ್ಟುವ ಕೆಲಸಕ್ಕೆ ಗೂಗಲ್‌ನ ಬ್ರೌಸರ್ ಕ್ರೋಮ್ 2011ರಲ್ಲಿ ಕೈಹಾಕಿತು. ಮೆಮೊರಿ ತಿನ್ನುವ ಆ ಮೊದಲ ರೂಪವನ್ನು 2017ರಲ್ಲಿ ಬಿಟ್ಟು, ಸಾಮಗ್ರಿ ತರಿಸಿಟ್ಟು ಸ್ಕ್ರಿಪ್ಟ್ ಓಡಿಸದಿರುವ ಹಗುರ ಕ್ರಮಕ್ಕೆ ಇಳಿಯಿತು. ಮತ್ತೆ 2022ರ ಹೊತ್ತಿಗೆ ಹೊಸದಾಗಿ ಬರೆದ ಪ್ರಿರೆಂಡರ್ ತಂದಿತು. ಈಗ ನೀವು ವಿಳಾಸಪಟ್ಟಿಯಲ್ಲಿ ಒಂದೆರಡು ಅಕ್ಷರ ಒತ್ತುತ್ತಿದ್ದಂತೆ ಕ್ರೋಮ್ ನಿಮ್ಮ ಹಳೆಯ ಅಭ್ಯಾಸ ನೋಡಿ ಸಂಭವದ ಲೆಕ್ಕ ಹಾಕುತ್ತದೆ. ಶೇ 50ಕ್ಕಿಂತ ಹೆಚ್ಚು ನಂಬಿಕೆ ಬಂದರೆ ಸಂಪರ್ಕವನ್ನಷ್ಟೇ ಕುದುರಿಸಿಟ್ಟುಕೊಳ್ಳುತ್ತದೆ. 80 ದಾಟಿದರೆ ಪುಟವನ್ನೇ ಕಟ್ಟುತ್ತದೆ. ನಂಬಿಕೆಗೆ ತಕ್ಕಷ್ಟೇ ಖರ್ಚು. ಇಡೀ ವಿದ್ಯೆಯ ಮರ್ಮ ಇಷ್ಟರಲ್ಲಿದೆ ಅಂತ ನನಗನ್ನಿಸುತ್ತದೆ. ಜಾಲತಾಣ ಕಟ್ಟುವವರಿಗೂ ಕ್ರೋಮ್ ಮಿತಿ ಹಾಕಿದೆ. ಪುಟ ತೆರೆದ ಕೂಡಲೇ ತರಿಸಿಕೊಳ್ಳಬಹುದಾದ ಪ್ರಿಫೆಚ್ 50, ಪ್ರಿರೆಂಡರ್ 10. ಬಾಣ ಅಥವಾ ಬೆರಳಿನ ಸುಳಿವಿಗೆ ಕಾಯುವ ಬಗೆಯಾದರೆ ಒಮ್ಮೆಗೆ ಎರಡೇ ಎರಡು.

2025ರ ಏಪ್ರಿಲಿನಲ್ಲಿ ಜಾಲತಾಣ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ನ 6.8ನೇ ಆವೃತ್ತಿ ಬಂದಾಗ ಈ ಊಹೆ ಅದರ ಒಡಲಿನಲ್ಲೇ ಸೇರಿತು. ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ನಿಂತಿರುವುದು ವರ್ಡ್‌ಪ್ರೆಸ್ ಮೇಲೆ. ಅವರು ಆರಿಸಿಕೊಂಡದ್ದು ಎಲ್ಲಕ್ಕಿಂತ ಸಂಯಮದ ದಾರಿ. ಬೆರಳು ಲಿಂಕಿಗೆ ತಾಕಿದ ಮೇಲೆಯೇ ಹೊರಡುವುದು, ಪುಟದ ಮೂಲ ಕಡತ ಮಾತ್ರ ತರುವುದು. ಉಳಿಯುವುದು ಮೇಲೆ ಹೇಳಿದ 80 ಮಿಲಿಸೆಕೆಂಡಿನ ಆಸುಪಾಸು, ವ್ಯರ್ಥವಾಗುವುದು ಬಹುತೇಕ ಸೊನ್ನೆ. ಕಡಿಮೆ ಅನ್ನಿಸಿದರೆ ಗುಣಿಸಿ ನೋಡಿ. 2024ರಲ್ಲಿ ಜಗತ್ತಿನಲ್ಲಿ ಇಂಟರ್ನೆಟ್ ಬಳಸುತ್ತಿದ್ದವರು ಸುಮಾರು 550 ಕೋಟಿ. ಒಬ್ಬೊಬ್ಬರಿಗೆ ದಿನಕ್ಕೆ ಒಂದೇ ಒಂದು ಸೆಕೆಂಡ್ ಉಳಿದರೂ ಒಟ್ಟು 174 ವರ್ಷ, ಪ್ರತಿದಿನ.

ಇದೇ ಗುಣಾಕಾರ ಎದುರು ದಿಕ್ಕಿಗೂ ನಡೆಯುತ್ತದೆ. ಒಂದು ಪುಟ ಓದುವಾಗ ಹತ್ತು ಪುಟ ಪ್ರಿರೆಂಡರ್ ಆಗಿ, ಪ್ರತಿಯೊಂದೂ 2.6 ಎಂಬಿಯ ಹೊಸ ಸಾಮಗ್ರಿಯೇ ಆಗಿದ್ದು, ಹತ್ತೂ ವ್ಯರ್ಥವಾದರೆ ಹೋಗುವುದು 26 ಎಂಬಿ. ದಿನಕ್ಕೆ ಇಂಥ ಇಪ್ಪತ್ತು ಪುಟ ಓದಿದರೆ 520 ಎಂಬಿ. ದಿನಕ್ಕೆ 1.5 ಜಿಬಿ ಪ್ಯಾಕ್ ಹಾಕಿಸಿಕೊಂಡ ಹುಡುಗಿಯ ಪಾಲಿಗೆ ಮೂರನೇ ಒಂದು ಭಾಗ, ಅವಳು ನೋಡದೇ ಹೋದ ಪುಟಗಳಿಗೆ. ಇದನ್ನು ತಡೆಯಲೆಂದೇ ಡೇಟಾ ಉಳಿತಾಯ ಚಾಲೂ ಇದ್ದರೆ, ಬ್ಯಾಟರಿ ಉಳಿಸುವ ಸ್ಥಿತಿಯಲ್ಲಿದ್ದರೆ, ಮೆಮೊರಿ ಸಾಲದಿದ್ದರೆ ಕ್ರೋಮ್ ಊಹೆ ನಿಲ್ಲಿಸುತ್ತದೆ. ನೀವು ಹೋಗದ ತಾಣಕ್ಕೆ ನೀವು ಹೋದಂತೆ ಸುಳಿವು ಸಿಗುವ ಗುಟ್ಟಿನ ಪ್ರಶ್ನೆಯೂ ಇದೆ. ಅದಕ್ಕಾಗಿಯೇ ಬೇರೆ ತಾಣದ ಪುಟ ತರುವಾಗ ನಿರ್ಬಂಧಗಳು ಬಿಗಿಯಾಗಿವೆ.

ಕನ್ನಡದಲ್ಲಿ ಜಾಲತಾಣ ನಡೆಸುವವರು ಗಮನಿಸಬೇಕಾದ ಅಂಕಿ ಇನ್ನೊಂದಿದೆ. ಅಕ್ಷರಗಳನ್ನು ಬೈಟ್‌ಗಳಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಕಾಗುಣಿತದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. 'ಕ್ಷಣ' ಎಂಬ ಮಾತೇ 12 ಬೈಟ್. ಎರಡು ಸಾವಿರ ಪದಗಳ ಕನ್ನಡ ಲೇಖನ ಸುಮಾರು 50 ಕೆಬಿ ಆಗುತ್ತದೆ. ಆದರೆ ಈ ಬೈಟ್‌ಗಳಲ್ಲಿ ಪುನರಾವರ್ತನೆ ಬಹಳ; ಒತ್ತಿ ಕಳಿಸಿದರೆ ಅದೇ ಲೇಖನ ಸರ್ವರ್ ಮೊದಲ ಬಾರಿ ಕಳಿಸುವ 14 ಕೆಬಿಯ ಆಸುಪಾಸಿಗೆ ಇಳಿಯುತ್ತದೆ. ಬರಹ ಮಾತ್ರವಾದರೆ, ನೀವು ಈಗ ಓದುತ್ತಿರುವ ಇಷ್ಟೂ ಮೂರನೇ ಸುತ್ತಿನಲ್ಲೇ ಬಂದು ಮುಟ್ಟಬಲ್ಲದು. ಉಳಿದ ಏಳು ಸುತ್ತುಗಳು ಚಿತ್ರ, ಜಾಹೀರಾತು, ಸ್ಕ್ರಿಪ್ಟುಗಳ ಪಾಲು.

ಹಾಗಾಗಿ ನಮ್ಮ ಪತ್ರಿಕೆಗಳ, ಗ್ರಂಥಾಲಯಗಳ, ಸರ್ಕಾರಿ ಸೇವೆಗಳ ತಾಣ ಕಟ್ಟುವವರಲ್ಲಿ ನನ್ನ ಕೋರಿಕೆ ಇಷ್ಟು. ಮೊದಲು ಪುಟದ ತೂಕ ಇಳಿಸಿ. ಅಳಿಸುವ, ಪಾವತಿಸುವ, ಲಾಗ್‌ಔಟ್ ಮಾಡುವ ಕೆಲಸಗಳನ್ನು ಎಂದೂ ಬರೀ ಲಿಂಕಿಗೆ ಕಟ್ಟಬೇಡಿ. ಆಮೇಲೆ ಪ್ರಿಫೆಚ್ ಹಾಕಿ, ಬೆರಳಿನ ಸುಳಿವಿಗೆ ಕಾಯುವ ಬಗೆಯದನ್ನು. ಓದುವವರು ತಮ್ಮ ಕ್ರೋಮ್ ಸೆಟ್ಟಿಂಗ್ಸಿನಲ್ಲಿ, ಪುಟಗಳನ್ನು ಮುಂಚಿತವಾಗಿ ತರಿಸುವ ಆಯ್ಕೆಯನ್ನು ಒಮ್ಮೆ ನೋಡಿಕೊಳ್ಳಿ. ಮನೆಯಲ್ಲಿ ವೈಫೈ ಇದ್ದರೆ ಚಾಲೂ ಇಡಿ. ಡೇಟಾ ಎಣಿಸಿ ಖರ್ಚು ಮಾಡುವವರು ಆಫ್ ಮಾಡಿ.